ಅತ್ತೆ ಮನೆಯಿರುವ ಊರಿನಲ್ಲಿ ಲಾಡ್ಜು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಸ್ವಂತ ಸೋದರತ್ತೆಯ ಮನೆ ಇರುವ ಗುಂಡ್ಲುಪೇಟೆಯಲ್ಲಿ, ಆ ಮನೆಗೆ ಮೂರೇ ಬೀದಿ ದೂರದಲ್ಲಿ, ನಾನು ಲಾಡ್ಜು ಹಿಡಿದೆ. ನನ್ನೊಬ್ಬಳಿಗಲ್ಲ, ಅಪ್ಪ ಅವ್ವನಿಗೂ ಸೇರಿಸಿ. ಸುದ್ದಿ ನಮ್ಮ ನೆಂಟರಲ್ಲಿ ಇನ್ನೂ ಓಡಾಡುತ್ತಿದೆ. ಮೊನ್ನೆ ಉಡಿಗಾಲದ ಮದುವೆಯೊಂದರಲ್ಲಿ ಊಟದ ಸಾಲಿನಲ್ಲಿ ಪಕ್ಕದಲ್ಲಿ ಕೂತ ಹಿರಿಯ ಹೆಂಗಸೊಬ್ಬರು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, "ಅತ್ತೆ ಮನೆ ಬುಟ್ಟು ಲಾಡ್ಜಲ್ಲಿ ಮಲಗ್ದೋಳು ನೀನೇನಾ ಅಮ್ಮಿ?" ಎಂದರು. "ನಾನೇ" ಎಂದು ಇನ್ನೊಂದು ಹಪ್ಪಳ ಹಾಕಿಸಿಕೊಂಡೆ. ತಪ್ಪು ಮಾಡಿದೆ ಎಂದು ಆಗಲೂ ಅನ್ನಿಸಲಿಲ್ಲ, ಈಗಲೂ ಅನ್ನಿಸುತ್ತಿಲ್ಲ.

ನಾನು ಗ್ರಂಥಾಲಯವೊಂದರಲ್ಲಿ ಸಹಾಯಕಿ. ಯಾವ ಪುಸ್ತಕ ಯಾವತ್ತು ಹೋಯಿತು, ಯಾವತ್ತು ಬಂತು ಎಂದು ಬರೆಯುವುದೇ ಕೆಲಸ. ಆ ಚಟ ಮನೆಗೂ ಹಿಂಬಾಲಿಸಿ ಬಂದಿದೆ. ಐದು ವರ್ಷದಿಂದ ಡೈರಿ ಬರೆಯುತ್ತಿದ್ದೇನೆ. ಅದರಲ್ಲಿ ಮನಸ್ಸಿನ ತೊಳಲಾಟ ಎಂಬುದೆಲ್ಲ ಇಲ್ಲ. ವಾರ, ತಾರೀಖು, ಏನಾಯಿತು, ಎಷ್ಟು ಸಲ ಆಯಿತು, ಅಷ್ಟೆ. ನನ್ನ ಗೆಳತಿ ಒಮ್ಮೆ ಕದ್ದು ಓದಿ, "ಇದರಲ್ಲಿ ಗುಟ್ಟೇ ಇಲ್ಲವಲ್ಲೇ" ಎಂದು ಬೇಸರದಿಂದ ವಾಪಸು ಕೊಟ್ಟಳು. ಗುಟ್ಟು ಇತ್ತು. ಎಣಿಕೆಯ ಒಳಗಿತ್ತು.

ಈ ಬೇಸಿಗೆಯಲ್ಲಿ ಊಟಿಗೆ ಹೋಗುವ ಮಾತು ಬಂದಾಗ, ಹಳೆಯ ಪ್ರಯಾಣಗಳಲ್ಲೆಲ್ಲ ಎಲ್ಲಿ ತಂಗಿದ್ದೆವು ಎಂದು ಡೈರಿ ತಿರುವಿಹಾಕಿದೆ. ಐದು ವರ್ಷದಲ್ಲಿ ನಾವು ಮನೆಯಿಂದ ಹೊರಗೆ ಕಳೆದದ್ದು ಹತ್ತೊಂಬತ್ತು ರಾತ್ರಿ. ಹತ್ತೊಂಬತ್ತೂ ನೆಂಟರ ಮನೆಗಳಲ್ಲೇ. ಅಪ್ಪ ಆ ಮನೆಗಳ ಜಗಲಿಯಲ್ಲಿ ರಾಜಕೀಯ ಮಾತಾಡಿದ್ದ. ನಾನು ಕೂತು ಡೈರಿ ಬರೆದಿದ್ದೆ. ಅವ್ವ? ಹತ್ತೊಂಬತ್ತು ರಾತ್ರಿಯೂ ಅವ್ವ ಇನ್ನೊಬ್ಬರ ಅಡುಗೆಮನೆಯಲ್ಲಿದ್ದಳು. ಚೀಲ ಕೆಳಗಿಟ್ಟು, ಕಾಲು ತೊಳೆದು, ಸೆರಗು ಸಿಕ್ಕಿಸಿಕೊಂಡು ನೇರ ಒಳಗೆ. ಯಾರೂ ಕರೆಯುವುದಿಲ್ಲ, ಯಾರೂ ಬೇಡವೆನ್ನುವುದಿಲ್ಲ. ಮನೆಯಲ್ಲಿ ಯಾವ ಕೆಲಸ ಮಾಡುತ್ತಿದ್ದಳೋ ಅದೇ ಕೆಲಸವನ್ನು ಮಾಡಲು ನಾವು ಅವಳನ್ನು ಮೈಲಿಗಟ್ಟಲೆ ಕರೆದುಕೊಂಡು ಹೋಗಿದ್ದೆವು. ಇದಕ್ಕೆ ಪ್ರವಾಸ ಎಂದು ಹೆಸರಿಟ್ಟಿದ್ದೆವು.

ಆವತ್ತೇ ತೀರ್ಮಾನಿಸಿದೆ. ಈ ಸಲ ಒಂದು ರಾತ್ರಿಯಾದರೂ ಅವ್ವ ಲಾಡ್ಜಿನಲ್ಲಿ ಮಲಗಬೇಕು. ಬೆಳಿಗ್ಗೆ ಯಾರೋ ಬಾಗಿಲು ತಟ್ಟಿ ಅವಳ ಕೈಗೆ ಕಾಫಿ ಕೊಡಬೇಕು.

ಅಪ್ಪನ ಕಚೇರಿಯ ರಜೆ ಸಿಕ್ಕಿದ್ದು ಮಂಗಳವಾರದಿಂದ. ನಮ್ಮ ಅಜ್ಜಿಯ ಕಾನೂನಿನಲ್ಲಿ ಮಂಗಳವಾರ ಪ್ರಯಾಣ ಹೊರಡುವಂತಿಲ್ಲ. "ಸೋಮಾರ ಸಂದೇಗೇ ಹೊಸ್ಲು ದಾಟ್ಬುಡಿ. ಎಲ್ಲಾದ್ರೂ ಮಲೀಕಂಡು ಮಂಗ್ಳಾರ ಅಲ್ಲಿಂದ ಓಗಿ" ಎನ್ನುತ್ತಾಳೆ. ಮನೆಯಿಂದ ಹೊರಟರೆ ತಾನೇ ಹೊರಟಂತೆ? ನಡುದಾರಿಯಲ್ಲಿ ಎದ್ದು ಮುಂದುವರಿದರೆ ಅದು ಹೊರಟದ್ದಲ್ಲ. ಇಂಥ ನಾಜೂಕಾದ ದಾರಿ ಹುಡುಕಲು ದೊಡ್ಡ ವಕೀಲರಿಗೂ ಆಗಲಿಕ್ಕಿಲ್ಲ. ಹಾಗಾಗಿ ಚಾಮರಾಜನಗರದಿಂದ ಊಟಿಗೆ ಹೋಗುವ ನಾವು ಒಂದು ಗಂಟೆಯ ದಾರಿಯಾದ ಗುಂಡ್ಲುಪೇಟೆಯಲ್ಲೇ ರಾತ್ರಿ ತಂಗಬೇಕು. ಗುಂಡ್ಲುಪೇಟೆ ಎಂದರೆ ಅಪ್ಪನ ಅಕ್ಕ, ನಮ್ಮ ಪುಟ್ಟತ್ತೆಯ ಮನೆ. ಅದನ್ನು ಯಾರೂ ಬಾಯಿಬಿಟ್ಟು ಹೇಳುವ ಅಗತ್ಯವೇ ಇರಲಿಲ್ಲ.

ನಾನು ಗುಟ್ಟಾಗಿ ಕೆಲಸ ಶುರುಮಾಡಿದೆ. ಗುಂಡ್ಲುಪೇಟೆಗೆ ಹೋಗಿಬಂದವರನ್ನು ವಿಚಾರಿಸಿ ಐದು ಲಾಡ್ಜುಗಳ ವಿಳಾಸ ಹಿಡಿದು, ಐದಕ್ಕೂ ಅರ್ಧ ನಮ್ಮ ಪ್ರಶ್ನೆಗೆ, ಅರ್ಧ ಅವರ ಉತ್ತರಕ್ಕೆ ಇರುವ ಜವಾಬು ಕಾರ್ಡು ಬರೆದೆ. ಬಾಗಿಲಿಗೆ ಒಳಗಿನಿಂದ ಚಿಲಕ ಇದೆಯೇ, ಕೆಳಗಡೆ ಬಾರು ಇದೆಯೇ, ಸಂಸಾರಸ್ಥರು ಬರುತ್ತಾರೆಯೇ, ಬಿಸಿನೀರು ಎಷ್ಟು ಗಂಟೆಗೆ, ಮೂವರಿಗೆ ಹೆಚ್ಚಿನ ಹಾಸಿಗೆ ಕೊಡುತ್ತೀರಾ. ಮೂರು ಉತ್ತರ ಬಂದವು. ಒಬ್ಬರು "ಎಲ್ಲಾ ಇದೆ" ಎಂದಷ್ಟೇ ಬರೆದಿದ್ದರು. ಬಾರಿನ ಪ್ರಶ್ನೆಗೂ ಅದೇ ಉತ್ತರವೆಂದು ತಿಳಿದು ಅದನ್ನು ಹೊಡೆದುಹಾಕಿದೆ. ಇನ್ನೊಬ್ಬರು ಏನೂ ಬರೆಯದೆ ರಬ್ಬರ್ ಸ್ಟಾಂಪು ಒತ್ತಿ ಕಳಿಸಿದ್ದರು. ಮೂರನೆಯವರು ಮಾತ್ರ ಪ್ರಶ್ನೆಗೊಂದು ಸಾಲಿನಂತೆ ಉತ್ತರಿಸಿ, ಕೊನೆಗೆ "ಬಂದು ನೋಡಿ, ಒಪ್ಪಿಗೆಯಾದರೆ ಇರಿ" ಎಂದು ಸೇರಿಸಿದ್ದರು. ನನಗೆ ಆ ಅಕ್ಷರದ ಮೇಲೆ ವಿಶ್ವಾಸ ಬಂತು.

ಅಪ್ಪನಿಗೆ ಹೇಳಿದ್ದು ಸೋಮವಾರ ಸಂಜೆ, ತೆರಕಣಾಂಬಿ ದಾಟಿದ ಮೇಲೆ. ಅಪ್ಪ ಹಳೆಯ ಕಾರೊಂದನ್ನು ಕೊಂಡು ಆರು ತಿಂಗಳಾಗಿತ್ತು. ಗೇರು ಬದಲಿಸುವಾಗ ಅವನು ಯಾರ ಮಾತನ್ನೂ ವಿರೋಧಿಸಲಾರ. ಅದನ್ನು ನೋಡಿಕೊಂಡೇ ಹೇಳಿದೆ. "ಅಕ್ಕಂಗೆ ಗೊತ್ತಾದ್ರೆ ಸಿಗ್ದಾಕ್ಬುಡ್ತಾಳೆ ಕಣಮ್ಮಿ" ಎಂದ. ಹಿಂದಿನ ಸೀಟಿನಲ್ಲಿದ್ದ ಅವ್ವ, "ಬ್ಯಾಡ ಬುಡು ಕೂಸೇ, ನಂಗೇನು ಅಡುಗೆ ಕಷ್ಟವಾ?" ಎಂದಳು. ಕಷ್ಟವೋ ಅಲ್ಲವೋ ಎಂದು ನಾನು ಕೇಳಿರಲಿಲ್ಲ. ಹತ್ತೊಂಬತ್ತು ರಾತ್ರಿ ಎಂದು ಹೇಳಿದೆ. ಅವಳು ಕಿಟಕಿಯ ಆಚೆ ನೋಡತೊಡಗಿದಳು.

ಲಾಡ್ಜಿನ ಮ್ಯಾನೇಜರು ನನ್ನ ಕಾರ್ಡನ್ನು ಗಾಜಿನ ಕೆಳಗೇ ಇಟ್ಟುಕೊಂಡಿದ್ದರು. "ಓ, ಪ್ರಶ್ನೆಪತ್ರಿಕೆಯವರು!" ಎಂದರು. ಆಮೇಲೆ ಅನುಮಾನ ಬಂತು. "ಚಾಮರಾಜನಗರ್ದಿಂದ ಬಂದು ಇಲ್ಯಾಕೆ ರೂಮು? ವಾಪ್ಸು ಓಗಾಕೆ ಇನ್ನೂ ನಾಕು ಬಸ್ ಅವೆ." ಅಪ್ಪ ತಲೆ ಕೆರೆದುಕೊಂಡು, "ನಾಳೆ ಮಂಗ್ಳಾರ ಅಲ್ವಾ" ಎಂದ. ಮ್ಯಾನೇಜರ ಮುಖ ಅರಳಿತು. "ಅಂಗನ್ನಿ ಮತ್ತೆ! ನಮ್ಮವ್ವನೂ ಅಂಗೇಯ" ಎಂದು ಬೀಗದ ಕೈ ತೆಗೆದರು.

ಒಪ್ಪುವ ಮೊದಲು ಬಚ್ಚಲಮನೆ ನೋಡಬೇಕೆಂದೆ. ಓದುಗರೇ, ಕುಟುಂಬದೊಂದಿಗೆ ಪ್ರಯಾಣ ಮಾಡುವವರಿಗೆ ನನ್ನದೊಂದು ಪರೀಕ್ಷೆಯನ್ನು ಉಚಿತವಾಗಿ ಕೊಡುತ್ತೇನೆ. ದೊಡ್ಡ ಹೋಟೆಲುಗಳಿಗೆ ಸರ್ಕಾರ ನಕ್ಷತ್ರ ಕೊಡುತ್ತದಂತೆ. ನಮ್ಮಂಥವರು ಇಳಿಯುವ ಲಾಡ್ಜಿಗೆ ಆ ಆಕಾಶದಲ್ಲಿ ಜಾಗವಿಲ್ಲ. ಅಲ್ಲಿ ಬಚ್ಚಲ ಕನ್ನಡಿಯನ್ನು ನೋಡಬೇಕು. ಮುಖ ತೊಳೆಯುವಾಗ ಹೆಂಗಸರು ಹಣೆಯ ಸ್ಟಿಕ್ಕರ್ ಬೊಟ್ಟು ತೆಗೆದು ಕನ್ನಡಿಗೆ ಅಂಟಿಸುತ್ತಾರೆ, ಮರೆತು ಹೋಗುತ್ತಾರೆ. ಬೊಟ್ಟಿಲ್ಲದ ಕನ್ನಡಿಯ ಲಾಡ್ಜಿಗೆ ದೂರದಿಂದಲೇ ಕೈಮುಗಿಯಿರಿ. ಈ ಕನ್ನಡಿಯ ಅಂಚಿನಲ್ಲಿ ಹನ್ನೊಂದು ಬೊಟ್ಟುಗಳಿದ್ದವು. ಮೂರು ಮಕ್ಕಳವು, ಪುಟ್ಟ ಪುಟ್ಟವು. ಹನ್ನೊಂದು ನಕ್ಷತ್ರದ ಲಾಡ್ಜು! ಒಪ್ಪಿಕೊಂಡೆ.

ರಿಜಿಸ್ಟರು ತುಂಬಲು ಅಪ್ಪನಿಗೆ ಬಿಡದೆ ನಾನೇ ಕೂತೆ. ಅಲ್ಲೇ ಎಡವಿದ್ದು. ಯಾವ ರಿಜಿಸ್ಟರನ್ನೇ ಆಗಲಿ ಅರ್ಧಂಬರ್ಧ ತುಂಬಲು ನನ್ನ ಕೈ ಬರುವುದಿಲ್ಲ. ಅಪ್ಪನ ಪೂರ್ತಿ ಹೆಸರು, ಅಜ್ಜನ ಹೆಸರು, ಈಗಿನ ಊರು, ಮೂಲ ಊರು ಉಡಿಗಾಲ, ಬಂದ ಉದ್ದೇಶ ಎಂಬಲ್ಲಿ "ತಾಯಿಯವರ ವಿಶ್ರಾಂತಿ." ಗುಟ್ಟಾಗಿ ತಂಗಲು ಬಂದವಳು ವಂಶಾವಳಿಯನ್ನೇ ಬರೆದುಕೊಟ್ಟೆ. ನಮ್ಮ ಸೀಮೆಯಲ್ಲಿ ಊರೂ ಅಜ್ಜನ ಹೆಸರೂ ಸಿಕ್ಕರೆ ಸಾಕು, ಮಿಕ್ಕದ್ದನ್ನು ಕೇಳಿದವರೇ ತುಂಬಿಕೊಳ್ಳುತ್ತಾರೆ. ಮ್ಯಾನೇಜರು ಓದಿ, "ಉಡಿಗಾಲವಾ? ಅಂಗಾರೆ ನಮ್ಮ ಪುಟ್ಟಮ್ಮೋರ ತಮ್ಮ ನೀವು!" ಎಂದು ಸಂತೋಷಪಟ್ಟರು. ಆ ಸಂತೋಷವನ್ನು ಅವರು ಒಬ್ಬರೇ ಇಟ್ಟುಕೊಳ್ಳಲಿಲ್ಲ.

ರೂಮಿನಲ್ಲಿ ಅವ್ವನಿಗೆ ಕೈ ಎಲ್ಲಿಡಬೇಕೆಂದು ತಿಳಿಯಲಿಲ್ಲ. ಮಡಿಸಿದ್ದ ಹೊದಿಕೆಯನ್ನು ಬಿಚ್ಚಿ ಮತ್ತೆ ಮಡಿಸಿದಳು. ಚೀಲದಿಂದ ಹಳೇ ಸೀರೆಯ ತುಂಡು ತೆಗೆದು ಕಿಟಕಿಯ ಸರಳು ಒರೆಸಿದಳು. "ಕೂತ್ಕೋ ಅವ್ವ" ಎಂದರೆ ಮಂಚದ ತುದಿಯಲ್ಲಿ, ಬಸ್ಸಿಗೆ ಕಾಯುವವಳಂತೆ ಕೂತಳು. ನನಗೆ ಅನುಮಾನ ಶುರುವಾಯಿತು. ಇದು ಅವ್ವನಿಗೆ ಬೇಕಾದದ್ದೋ, ನನ್ನ ಡೈರಿಗೆ ಬೇಕಾದದ್ದೋ?

ಅಷ್ಟರಲ್ಲಿ ಮೆಟ್ಟಿಲ ಮೇಲೆ ದನಿ ಕೇಳಿಸಿತು.

"ಎಲ್ಲವ್ನೆ ಅವ್ನು? ಏನ್ಲಾ ತಮ್ಮಾ, ಅಕ್ಕ ಸತ್ತೋದ್ಲು ಅಂತ ಯಾರಾರಾ ಯೋಳ್ಬುಟ್ರೇನ್ಲಾ?"

ಪುಟ್ಟತ್ತೆ ಬಾಗಿಲಲ್ಲಿ ನಿಂತಿದ್ದಳು. ಅವಸರಕ್ಕೆ ಎಡಬಲ ಬೇರೆ ಬೇರೆ ಜೊತೆಯ ಚಪ್ಪಲಿ ಮೆಟ್ಟಿದ್ದಳು. ಅಪ್ಪ ಒಂದು ಕ್ಷಣವೂ ತಡಮಾಡಲಿಲ್ಲ. "ನಾನಲ್ಲ ಕಣಕ್ಕಾ, ಇವ್ಳು" ಎಂದು ಮಗಳನ್ನು ತೋರಿಸಿದ.

ಇಂಥ ಹೊತ್ತಿನಲ್ಲಿ ಅಳುವವರಿದ್ದಾರೆ, ಕಾಲಿಗೆ ಬೀಳುವವರಿದ್ದಾರೆ. ನಾನು ಡೈರಿ ತೆಗೆದೆ. ಹತ್ತೊಂಬತ್ತು ರಾತ್ರಿಯನ್ನೂ ತಾರೀಖಿನೊಂದಿಗೆ ಓದಿದೆ. ಪುಟ್ಟತ್ತೆಯ ಮನೆಯ ಏಳು ರಾತ್ರಿಗಳನ್ನು ಸ್ವಲ್ಪ ಗಟ್ಟಿಯಾಗಿಯೇ ಓದಿದೆ. "ಏಳು ರಾತ್ರಿಯೂ ಅವ್ವ ನಿಮ್ಮ ಒಲೆ ಮುಂದೇ ಇದ್ದಳು ಅತ್ತೆ. ಈ ಸಲ ಬೇಡ. ನೀವು ಕೋಪ ಮಾಡಿಕೊಂಡರೂ ಸರಿ" ಎಂದೆ. ಅವ್ವ ಸೆರಗಿನ ತುದಿ ಹಿಡಿದು ಗೋಡೆ ನೋಡುತ್ತಿದ್ದಳು.

ಪುಟ್ಟತ್ತೆ ಪೂರ್ತಿ ಕೇಳಿದಳು. ಆಮೇಲೆ ಮೆಲ್ಲಗೆ ಕೇಳಿದಳು: "ಆ ಏಳು ರಾತ್ರೀಲಿ ನಾನೆಲ್ಲಿದ್ದೆ ಅಂತ ಬರ್ದಿದ್ದೀಯಾ ಅಮ್ಮಿ?"

ಪುಟ ತಿರುವಿದೆ. ಬರೆದಿರಲಿಲ್ಲ.

"ನಿಮ್ಮವ್ವನ ಪಕ್ಕದಲ್ಲೇ ಇದ್ದೆ ಕಣಮ್ಮಿ. ಅವ್ಳು ಲಟ್ಟಿಸ್ತಿದ್ಲು, ನಾನು ಬೇಯಿಸ್ತಿದ್ದೆ. ನೀವು ಏಳು ರಾತ್ರಿ ಬಂದ್ರಿ. ಮಿಕ್ಕೋರು? ಊಟಿಗೆ ಓಗೋರೂ ನಮ್ಮನೆ, ಕೇರಳಕ್ಕೆ ಓಗೋರೂ ನಮ್ಮನೆ, ಗೋಪಾಲಸ್ವಾಮಿ ಬೆಟ್ಟಕ್ಕೆ ಅರ್ಕೆ ತೀರ್ಸೋರೂ ನಮ್ಮನೆ. ಬೋರ್ಡೊಂದು ಹಾಕಿಲ್ಲ ಅಷ್ಟೇಯ."

ನಾನು ಓದಿಕೊಂಡವಳು. ಹಿಂದಿನ ಕಾಲದ ಛತ್ರಗಳ ಬಗ್ಗೆ, ದಾರಿಹೋಕರಿಗೆ ನೀರು ಮಜ್ಜಿಗೆ ಕೊಡುತ್ತಿದ್ದ ಅರವಟಿಗೆಗಳ ಬಗ್ಗೆ ಗ್ರಂಥಾಲಯದ ಪುಸ್ತಕಗಳಲ್ಲಿ ಓದಿದ್ದೇನೆ. ಕಟ್ಟಿಸಿದವರ ಹೆಸರು ಕಲ್ಲಿನ ಮೇಲೆ ಇರುತ್ತದೆ, ಅವರ ತಂದೆ ತಾತನ ಹೆಸರೂ ಇರುತ್ತದೆ. ಅಲ್ಲಿ ದಿನಾ ಅನ್ನ ಬೇಯಿಸಿದವಳ ಹೆಸರು ಎಲ್ಲೂ ಕಂಡಿಲ್ಲ. ಕಲ್ಲು ಕೆತ್ತಿದವರನ್ನು ಇದಕ್ಕಾಗಿ ಮನಸ್ಸಿನಲ್ಲೇ ಬೈದದ್ದುಂಟು. ಈಗ ನೋಡಿದರೆ, ಐದು ವರ್ಷದಿಂದ ನಾನೂ ಅದೇ ಥರದ ಕಲ್ಲು ಕೆತ್ತುತ್ತಿದ್ದೆ. ನೀಲಿ ಇಂಕಿನಲ್ಲಿ.

ಪುಟ್ಟತ್ತೆ ಒಳಗೆ ಬಂದು ಹಾಸಿಗೆಯನ್ನು ಅಂಗೈಯಿಂದ ಒತ್ತಿ ನೋಡಿದಳು. ಬಚ್ಚಲಿನ ನಲ್ಲಿ ತಿರುಗಿಸಿ, ನಿಲ್ಲಿಸಿ, ಬಂದಳು.

"ಬೆಳಿಗ್ಗೆ ಬಿಸ್ನೀರು ಅವ್ರೇ ಕೊಟ್ಟಾರಾ?"

"ಐದೂವರೆಯಿಂದ ಎಂಟರ ತನಕ."

"ಕಾಪಿ?"

"ಬಾಗಿಲಿಗೇ ಬರುತ್ತದೆ. ಕೆಳಗಿನ ಹೋಟೆಲಿನಿಂದ."

"ಕಾಯ್ಸೋರು ಗಂಡಸ್ರಾ?"

"ಗಂಡಸರೇ."

"ಅಂಗಾರೆ ಸರಿ ಬುಡು" ಎಂದು ಮಂಚದ ಮೇಲೆ ಕಾಲು ಮಡಚಿ ಕೂತೇಬಿಟ್ಟಳು. ತಮ್ಮನ ಕಡೆ ತಿರುಗಿ, "ನೀನು ನಮ್ಮನೆಗೆ ಓಗ್ಲಾ. ನಿಮ್ ಭಾವ ಒಬ್ರೇ ಅವ್ರೆ. ನಾನು ಅನ್ನಕ್ಕೆ ಇಟ್ಟಿಲ್ಲ. ಇಬ್ರೂ ಮಾಡ್ಕಂಡು ಉಣ್ಣಿ" ಎಂದಳು.

"ಅಕ್ಕಾ, ಭಾವಂಗೆ ಏನಂತ ಯೋಳ್ಲಿ?"

"ತಮ್ಮ ಬಂದವ್ನೆ, ಅಕ್ಕ ಊರ್ಗೋಗವ್ಳೆ ಅಂತ ಯೋಳು."

ಅಪ್ಪ ಬಾಗಿಲವರೆಗೆ ಹೋಗಿ ಒಮ್ಮೆ ತಿರುಗಿ ನೋಡಿದ. ಆಗ ಅವ್ವ ನಕ್ಕಳು. ಬಾಯಿಗೆ ಸೆರಗು ಹಿಡಿಯದೆ ನಕ್ಕಳು. ಮಂಚದ ತುದಿಯಿಂದ ಹಿಂದೆ ಸರಿದು, ಗೋಡೆಗೆ ಒರಗಿ, ಕಾಲು ಚಾಚಿದಳು.

ಅವರಿಬ್ಬರಿಗೆ ಮಂಚ, ನನಗೆ ನೆಲದ ಹಾಸಿಗೆ. ಅವರು ಎಷ್ಟು ಹೊತ್ತಿನವರೆಗೆ ಮಾತಾಡಿದರೆಂಬುದಕ್ಕೆ ನನ್ನ ಬಳಿ ದಾಖಲೆಯಿಲ್ಲ. ನಾನು ಮೊದಲೇ ನಿದ್ದೆಹೋಗಿದ್ದೆ.

ಮಂಗಳವಾರದ ಪುಟದಲ್ಲಿ ಹೀಗಿದೆ: ಕಾಫಿ ಬಂದದ್ದು ಆರೂವರೆಗೆ. ಪುಟ್ಟತ್ತೆ ಎರಡು ಲೋಟ ಕುಡಿದು, ಡಿಕಾಕ್ಷನ್ ನೀರಾಗಿದೆ ಎಂದು ಬೈದು, ಮೂರನೆಯದು ತರಿಸಿದಳು. ಅವ್ವ ಎದ್ದದ್ದು ಏಳೂಕಾಲಿಗೆ. ಇದರ ಕೆಳಗೆ ಎರಡು ಗೆರೆ ಎಳೆದಿದ್ದೇನೆ. ಐದು ವರ್ಷದ ಡೈರಿಯಲ್ಲಿ ಅವ್ವ ನನಗಿಂತ ತಡವಾಗಿ ಎದ್ದದ್ದು ಇದೊಂದೇ ದಿನ.

ಎಂಟಕ್ಕೆ ಅಪ್ಪ ಬಂದ. ಬಲಗೈ ಹೆಬ್ಬೆರಳು ಸುಟ್ಟುಕೊಂಡಿದ್ದ. "ನಿಮ್ಮತ್ತೆ ಮನೇಲಿ ಉಪ್ಪಿನ ಡಬ್ಬಿ, ಸಕ್ರೆ ಡಬ್ಬಿ ಎರಡೂ ಒಂದೇ ಥರ ಅವೆ ಕಣಮ್ಮಿ" ಎಂದ. ಬೆಳಿಗ್ಗೆ ಉಪ್ಪಿಟ್ಟು ಮಾಡಿದ್ದರಂತೆ. ಭಾವ ಮೈದುನ ಸೇರಿ ಮಾಡಿದ ಅದರ ರುಚಿಯನ್ನು ನಾವು ಊಹಿಸಿಕೊಂಡೆವು.

ಹೊರಡುವ ಮುಂಚೆ ಪುಟ್ಟತ್ತೆ ಮುಖ ತೊಳೆದು ಬಂದು ನನ್ನ ಮುಂದೆ ಕೈ ಚಾಚಿದಳು. "ನಿನ್ನ ಸ್ಟಿಕ್ಕರ್ ಪಟ್ಟಿ ಕೊಡಮ್ಮಿ." ಅವಳು ಸ್ಟಿಕ್ಕರ್ ಇಡುವವಳೇ ಅಲ್ಲ, ಯಾವಾಗಲೂ ಕಾಸಗಲದ ಕುಂಕುಮ. ಪಟ್ಟಿಯಿಂದ ಎಲ್ಲಕ್ಕಿಂತ ದೊಡ್ಡದೊಂದನ್ನು ಕಿತ್ತು ಬಚ್ಚಲಿಗೆ ಹೋದಳು. ಕನ್ನಡಿಯ ಅಂಚಿನಲ್ಲಿ ಅಲ್ಲ, ನಟ್ಟನಡುವೆ ಹೆಬ್ಬೆರಳಿನಿಂದ ಒತ್ತಿದಳು. "ನಾನೂ ಬಂದಿದ್ದೆ ಅಂತ ಇರ್ಲಿ" ಎಂದಳು. ಅದರ ಪಕ್ಕ ಅವ್ವ ತನ್ನದನ್ನು, ಅವ್ವನ ಕೆಳಗೆ ನಾನು ನನ್ನದನ್ನು ಅಂಟಿಸಿದೆವು. ಹದಿನಾಲ್ಕು ನಕ್ಷತ್ರ.

ಈಗ ಡೈರಿಯಲ್ಲಿ ಹೊಸದೊಂದು ಕಾಲಂ ಹಾಕಿದ್ದೇನೆ. ನಾವು ಯಾರ ಮನೆಗೆ ಹೋದೆವು ಎಂಬುದರ ಪಕ್ಕದಲ್ಲಿ, ಆ ಮನೆಯಲ್ಲಿ ಯಾರು ಕೂರಲಿಲ್ಲ ಎಂದು. ಲಾಡ್ಜುಗಳ ನನ್ನ ಪಟ್ಟಿಗೂ ಬೇಡಿಕೆ ಬಂದಿದೆ. ಬೈದ ನೆಂಟರೇ ಒಬ್ಬೊಬ್ಬರಾಗಿ ಗ್ರಂಥಾಲಯಕ್ಕೆ ಬಂದು, ಪುಸ್ತಕ ಹುಡುಕುವವರಂತೆ ಸುತ್ತಾಡಿ, ಎಲ್ಲಿ ಇಳಿಯಬಹುದು ಎಂದು ಕೇಳುತ್ತಾರೆ. ಕಳೆದ ವಾರ ಚಂದಕವಾಡಿಯ ದೊಡ್ಡಪ್ಪ ಬಂದಿದ್ದ. ಮನೆಮಂದಿ ಒಂಬತ್ತು ಜನ, ವ್ಯಾನು ಮಾಡಿಕೊಂಡು ಕೇರಳಕ್ಕೆ ಹೋಗುತ್ತಾರಂತೆ. ನಾನು ಪಟ್ಟಿ ತೆಗೆಯುವಷ್ಟರಲ್ಲಿ, "ಗುಂಡ್ಲುಪೇಟೇಲಿ ಒಂದ್ರಾತ್ರಿಗೆ ಲಾಡ್ಜು ಯಾಕಮ್ಮಿ, ಪುಟ್ಟಿ ಮನೆ ಇಲ್ವಾ?" ಎಂದ.

"ಅಲ್ಲಿ ರೂಮು ಖಾಲಿಯಿಲ್ಲ ದೊಡ್ಡಪ್ಪ" ಎಂದು ಲಾಡ್ಜಿನ ವಿಳಾಸ ಬರೆದುಕೊಟ್ಟೆ.