ಬುಟ್ಟಿ ಎತ್ತಿಸುವ ಕೈ

ಭಾರ ಎತ್ತುವ ಕ್ರಿಯೆಗೆ ಇಂಗ್ಲಿಷರ ಬಳಿ ಎಷ್ಟು ಶಬ್ದಗಳಿವೆಯೆಂದು ಇಂದು ಬೆಳಿಗ್ಗೆ ಎಣಿಸಲು ಕುಳಿತವನು ಹದಿನಾಲ್ಕಕ್ಕೆ ಬಂದು ನಿಲ್ಲಿಸಿದೆ. ಹದಿನೈದನೆಯದು ಸಿಗಲಿಲ್ಲವೆಂದಲ್ಲ, ಅಷ್ಟರಲ್ಲಿ ನಮ್ಮ ಮನೆಯಾಕೆ ಅಂಗಳದ ನೀರಿನ ಕೊಡವನ್ನು ಒಳಗಿಡಿರೆಂದಳು, ಅದಕ್ಕೆ ಕೈಹಾಕಿದ್ದೇ ತಡ, ನನ್ನ ಸೊಂಟ ಹಿಡಿದುಕೊಂಡಿತು. ಕಲಬುರಗಿಯ ಸರಕಾರಿ ಶಾಲೆಯಲ್ಲಿ ಇಂಗ್ಲಿಷ್ ಕಲಿಸುವ ಈ ಬಡಪಾಯಿಗೆ ಎತ್ತುವ ಶಬ್ದಗಳೆಲ್ಲ ಕರತಲಾಮಲಕ, ಎತ್ತುವ ಕೆಲಸ ಮಾತ್ರ ಗಗನಕುಸುಮ. ಕೊಡ ಅಂಗಳದಲ್ಲೇ ಉಳಿಯಿತು, ನಾನು ಗೋಡೆಗೆ ಒರಗಿ ಕುಳಿತೆ.

ಆದರೂ ಆ ಶಬ್ದಗಳ ಸೂಕ್ಷ್ಮವನ್ನು ನೀವು ಮೆಚ್ಚಲೇಬೇಕು. ವಸ್ತುವನ್ನು ನೆಲದಿಂದ ಬಿಡಿಸಿ ಮೇಲಕ್ಕೆ ತಂದರೆ 'ಲಿಫ್ಟ್'. ಬುಡ ಇದ್ದಲ್ಲೇ ಇದ್ದು ತಲೆ ಮಾತ್ರ ಮೇಲಾದರೆ 'ರೇಜ್'. ತರಗತಿಯಲ್ಲಿ ಕೈ ಎತ್ತುವುದು ಈ ಜಾತಿಗೆ ಸೇರಿದ್ದು. ಹಗ್ಗ ಕಟ್ಟಿ ಗಾಲಿಯ ಮೇಲಿಂದ ಎಳೆದು ಏರಿಸಿದರೆ 'ಹೋಯ್ಸ್ಟ್'. ಹಲ್ಲು ಕಚ್ಚಿ, ಗಂಟಲಿನಿಂದ ಒಂದು ಹೂಂಕಾರ ಹೊರಡಿಸಿ ಎತ್ತಿದರೆ 'ಹೀವ್'. ನನ್ನ ಯೌವನದಲ್ಲಿ ಒಮ್ಮೆ ಶಾಲೆಯ ತನಿಖೆಗೆ ಬಂದ ಸಾಹೇಬರು ಈ ನಾಲ್ಕರ ಭೇದವನ್ನೇ ಕೇಳಿದರು, ಹುಡುಗರು ಪಟಪಟನೆ ಒಪ್ಪಿಸಿದರು, ಸಾಹೇಬರು ನನ್ನ ಕಡೆ ತಿರುಗಿ 'ಬಹುತ್ ಖೂಬ್' ಎಂದು ಮೆಚ್ಚಿದರು. ಆ ಎರಡು ಶಬ್ದಗಳನ್ನು ತಲೆಯ ಮೇಲೆ ಕಿರೀಟದಂತೆ ಇಟ್ಟುಕೊಂಡೇ ನಾನು ಆ ವಾರ ಕಮಲಾಪುರಕ್ಕೆ ಹೋದೆ.

ಕಮಲಾಪುರ ನನ್ನ ಹೆಂಡತಿ ನೀಲಮ್ಮನ ತವರು. ಏಳು ತಿಂಗಳ ಬಸುರಿ ಆಕೆ, ಬಾಣಂತನಕ್ಕೆಂದು ತಾಯಿಯ ಬಳಿಗೆ ಹೋಗಿದ್ದಳು. ಆ ತಾಯಿ, ಎಂದರೆ ನನ್ನ ಅತ್ತೆ, ನನ್ನ ಪಾಲಿಗೆ ಐದು ವರ್ಷ ಒಂದು ದನಿ ಮಾತ್ರವಾಗಿದ್ದರು. ಅಳಿಯನೆದುರು ಬರಬಾರದು, ಅಳಿಯನೊಡನೆ ನೇರ ಮಾತಾಡಬಾರದು ಎಂಬ ಹಿರಿಯರ ಕಟ್ಟುಪಾಡನ್ನು ಅವರಷ್ಟು ನಿಷ್ಠೆಯಿಂದ ಪಾಲಿಸಿದವರನ್ನು ನಾನು ಕಂಡಿಲ್ಲ. ನಾನು ಎರಡು ಮಾರು ದೂರದಲ್ಲಿ ಉಣ್ಣುತ್ತಿದ್ದರೂ ಬಾಗಿಲ ಮರೆಯಿಂದ, "ನೀಲಾ, ಅಳಿಯಂದ್ರಿಗಿ ಇನ್ನೊಂದು ರೊಟ್ಟಿ ಬೇಕೇನ್ ಕೇಳು," ಎನ್ನುವರು. ನಾನೂ ನೀಲಮ್ಮನಿಗೇ "ಸಾಕಂತ ಹೇಳು" ಎನ್ನುವೆ. ಹೀಗೆ ನಮ್ಮಿಬ್ಬರ ನಡುವೆ ಆಕೆ ಎಡಬಿಡದ ದುಭಾಷಿಯಾಗಿದ್ದಳು.

ಇದೇ ಅತ್ತೆ ಗಂಡ ತೀರಿಕೊಂಡ ಮೇಲೆ ತೋಟದ ಕೆಂಪು ಬಾಳೆಯನ್ನು ಬುಟ್ಟಿಯಲ್ಲಿ ಹೊತ್ತು ಸಂತೆಗೆ ಒಯ್ದು ಮಗಳನ್ನು ಬೆಳೆಸಿದವರು. ತುಂಬಿದ ಬುಟ್ಟಿಯನ್ನು ತಾನೇ ತನ್ನ ತಲೆಯ ಮೇಲೆ ಇಟ್ಟುಕೊಳ್ಳುವುದು ಎಂಥ ಗಟ್ಟಿಗಿತ್ತಿಗೂ ಆಗದು. ಇನ್ನೊಂದು ಅಂಚಿಗೆ ಇನ್ನೊಬ್ಬರ ಕೈ ಬೇಕು. ಅದಕ್ಕೆ ಆ ಕಡೆಯ ಹೆಂಗಸರು ರಸ್ತೆಯ ಬದಿ ಬುಟ್ಟಿ ಇಳಿಸಿಕೊಂಡು ನಿಂತು, "ಯಾರಪಾ ದಾರ್ಯಾಗ ಹೋಗೋರು, ಒಂದಿಷ್ಟು ಎತ್ತಸ್ರಿ," ಎಂದು ಕರೆಯುತ್ತಾರೆ. ಕರೆ ಕೇಳಿದವನು ಜವಾನನಾಗಲಿ, ಜಮೀನುದಾರನಾಗಲಿ, ಫಕೀರನಾಗಲಿ, ನಿಂತು ಎತ್ತಿಸಬೇಕು. ಅವಳು ಅವನ ಹೆಸರು ಕುಲ ಕೇಳುವುದಿಲ್ಲ, ಅವನು ಅವಳದನ್ನು ಕೇಳುವುದಿಲ್ಲ. ಇಬ್ಬರೂ ಬುಟ್ಟಿಯನ್ನಷ್ಟೇ ನೋಡುತ್ತಾರೆ, ಭಾರ ತಲೆಗೇರಿದೊಡನೆ ಅವರವರ ದಾರಿ ಹಿಡಿಯುತ್ತಾರೆ.

ಈ ಕರೆ ನನಗೂ ಒಮ್ಮೆ ಬಂದಿತ್ತು. ಆಗ ತಾನೇ ಮಡಿಕೆ ಬಿಚ್ಚಿದ ಬಿಳಿ ಶೇರವಾನಿ ತೊಟ್ಟು ನಡೆಯುತ್ತಿದ್ದೆ. ಬಾಳೆಯ ಕಲೆ ಹತ್ತಿದರೆ ಯಾವ ಅಗಸನೂ ತೆಗೆಯಲಾರನೆಂದು ಹೆದರಿ, ಕಿವಿ ಕೇಳದವನ ಸೋಗು ಹಾಕಿ ಬಿರಬಿರನೆ ಸಾಗಿದೆ. ಕರೆದ ಆ ಹೆಂಗಸು ಬಿಸಿಲಲ್ಲಿ ಇನ್ನೆಷ್ಟು ಹೊತ್ತು ನಿಂತಳೋ ಏನೋ. ನೆನೆದರೆ ಇಂದಿಗೂ ನಾಚಿಕೆಯಾಗುತ್ತದೆ.

ಆ ವಾರದ ಮಾತಿಗೆ ಬರೋಣ. ಗಿಡದಲ್ಲೇ ಹಣ್ಣಾದ ಬಾಳೆ ತಿನ್ನಬೇಕೆಂಬುದು ನೀಲಮ್ಮನ ಬಯಕೆ. ಬೆಳಗಿನ ಝಾವದಲ್ಲಿ ಮಹಬೂಬ್ ಚಾಚಾ ಎಂಬ ಎಪ್ಪತ್ತರ ಮುದುಕನ ಬಂಡಿ ಹೂಡಿಸಿ ನಾವು ಮೂವರೂ ತೋಟಕ್ಕೆ ಹೋದೆವು. ಅತ್ತೆ ಎಂದಿನಂತೆ ನನಗೆ ಬೆನ್ನು ಮಾಡಿ ಕುಳಿತಿದ್ದರು. ಅಲ್ಲಿ ನೀರಿನ ಕಾಲುವೆ ದಾಟುವಾಗ ಅವರ ಕಾಲು ಕೆಸರಿನಲ್ಲಿ ಜಾರಿತು. ಬಿದ್ದವರು ಏಳಲಿಲ್ಲ, ಮೊಣಕಾಲಿನ ಕೆಳಗೆ ಕಾಲು ಅಡ್ಡಾದಿಡ್ಡಿ ತಿರುಗಿಹೋಗಿತ್ತು.

ಚಾಚಾ ನೋಡಿ ತಲೆ ಅಲ್ಲಾಡಿಸಿದ. "ಎಲಬು ಮುರದದ ಮಾಸ್ತರ್. ಈಗಿಂದೀಗ ಹೊಂಟ್ರ ಸಂಜಿಗಿ ಕಲಬುರಗಿ ದವಾಖಾನಿ ಮುಟ್ಟತೀವಿ. ತಡಾ ಮಾಡಿದ್ರ ಕಾಲು ಹೋತು ಅಂತ ತಿಳೀರಿ. ಎತ್ತಿ ಬಂಡ್ಯಾಗ ಹಾಕ್ರಿ, ನನ್ನ ಕೈಯಾಗ ಕಸುವಿಲ್ಲ."

ನೀಲಮ್ಮ ಬಗ್ಗಹೋದಳು. ಆ ನೋವಿನಲ್ಲೂ ಅತ್ತೆ ಗದರಿದರು: "ನೀ ಬಗ್ಗಬ್ಯಾಡ! ಹೊಟ್ಯಾಗಿನ ಕೂಸಿನ ಕಡಿ ನೋಡ್ಕೊ."

ಉಳಿದವನು ನಾನೊಬ್ಬನೇ. ಒಂದು ಹೆಜ್ಜೆ ಮುಂದಿಟ್ಟೆ. ಅತ್ತೆ ಸೆರಗನ್ನು ಮುಖದ ಮೇಲೆ ಎಳೆದುಕೊಂಡು, ಎರಡೂ ಕೈಗಳನ್ನು ಕೆಸರಿಗೆ ಊರಿ ಮೈಯನ್ನು ಹಿಂದಕ್ಕೆ ಜಗ್ಗಿಕೊಂಡರು. "ಅಳಿಯಂದ್ರಿಗಿ ದೂರ ನಿಂದ್ರಾಕ ಹೇಳು ನೀಲಾ."

"ಕಾಲು ಹೋಗ್ತದಲ್ಲ ಯವ್ವಾ!"

"ಹೋಗ್ಲಿ. ಇಷ್ಟು ದಿನ ಕಾಯ್ದಿದ್ದು ಹೋಗಬಾರದು."

ನನಗೆ ಸಿಟ್ಟು ಬಂತು. ಎಲುಬು ಮುರಿದಾಗಲೂ ಕಟ್ಟುಪಾಡೇ ಎಂದು ಕೂಗಬೇಕೆನಿಸಿತು. ಊರಿನಿಂದ ಹೆಂಗಸರನ್ನು ಕರೆತರಲು ಹೋಗಿ ಬರುವಷ್ಟರಲ್ಲಿ ಹೊತ್ತು ಏರಿಬಿಡುತ್ತಿತ್ತು. ಹಲ್ಲು ಕಚ್ಚಿದರೂ ಅವರ ನರಳಿಕೆ ಸೆರಗಿನೊಳಗಿಂದ ಕೇಳುತ್ತಲೇ ಇತ್ತು, ನೀಲಮ್ಮ ಬಾಯಿಗೆ ಕೈ ಒತ್ತಿಕೊಂಡು ಅಳುತ್ತಿದ್ದಳು. ಇಷ್ಟೆಲ್ಲದರ ನಡುವೆ ಲಿಫ್ಟು, ರೇಜು, ಹೋಯ್ಸ್ಟು, ಹೀವುಗಳ ಪಂಡಿತನಾದ ನಾನು ಎರಡು ಕೈಗಳನ್ನು ಜೋತುಬಿಟ್ಟು ನಿಂತಿದ್ದೆ. ಅಷ್ಟು ಕೆಲಸಕ್ಕೆ ಬಾರದವನಾಗಿ ನಾನು ಮತ್ತೆಂದೂ ನಿಂತಿಲ್ಲ.

ಆಮೇಲೆ ಅತ್ತೆ ಮುಖವನ್ನು ಬಾಳೆಗಿಡಗಳ ಕಡೆ ತಿರುಗಿಸಿ, ನಾನು ಐದು ವರ್ಷದಲ್ಲಿ ಕೇಳದಿದ್ದ ದೊಡ್ಡ ದನಿಯಲ್ಲಿ ಕರೆದರು:

"ಯಾರಪಾ ದಾರ್ಯಾಗ ಹೋಗೋರು... ಒಂದಿಷ್ಟು ಎತ್ತಸ್ರಿ."

ದಾರಿಯಲ್ಲಿ ಯಾರೂ ಇರಲಿಲ್ಲ. ದಾರಿಯೇ ಅಲ್ಲಿರಲಿಲ್ಲ. ಮೊದಲು ಅರ್ಥವಾದದ್ದು ಚಾಚಾನಿಗೆ. ಎತ್ತುಗಳ ಕಡೆ ಮುಖ ಮಾಡಿ ನಿಂತು ಮೆಲ್ಲಗೆ, "ಹೋಗ್ರಿ ಮಾಸ್ತರ್, ನಿಮಗೇ ಕರೀಲಿಕತ್ತಾರ," ಎಂದ.

ನಾನು ಬೂಟು ಕಳಚಿದೆ. "ಬಂದೆ ಯವ್ವಾ," ಎಂದು ದಾರಿಹೋಕನ ಹಾಗೆ ಹೋಗಿ ಮಂಡಿಯೂರಿದೆ. ಒಂದು ಕೈ ಬೆನ್ನ ಕೆಳಗೆ, ಇನ್ನೊಂದು ತೊಡೆಗಳ ಕೆಳಗೆ. ಕಣ್ಣು ಬಂಡಿಯ ಹುಲ್ಲಿನ ಮೇಲೆ. ಅಷ್ಟು ವರ್ಷ ಅಷ್ಟು ಬುಟ್ಟಿಗಳನ್ನು ಹೊತ್ತ ಆ ಜೀವ ಎಷ್ಟು ಹಗುರವಾಗಿತ್ತೆಂದರೆ ನನ್ನ ಕಣ್ಣಲ್ಲಿ ನೀರು ಬಂತು. ಹುಲ್ಲಿನ ಮೇಲೆ ಮಲಗಿಸಿದಾಗ ಸೆರಗಿನೊಳಗಿಂದ, "ಪುಣ್ಯಾ ಬರ್ಲಿ ಯಪ್ಪಾ," ಎಂಬ ಮಾತು ಬಂತು. ಬುಟ್ಟಿ ಎತ್ತಿಸಿದ ಎಷ್ಟು ಜನಕ್ಕೆ ಅವರು ಆ ಮಾತು ಹೇಳಿದ್ದರೋ. ಬಂಡಿ ಅರ್ಧ ದಾರಿ ಸಾಗಿರಬೇಕು, ಕ್ಷೀಣವಾದ ದನಿ ಮತ್ತೆ ಕೇಳಿತು: "ನೀಲಾ, ಅಳಿಯಂದ್ರು ಮುಂಜಾನಿಂದ ಏನೂ ಉಂಡಿಲ್ಲ, ಬಾಳಿಹಣ್ಣಾದ್ರೂ ಕೊಡು."

ಕಾಲು ಉಳಿಯಿತು, ಕುಂಟು ಮಾತ್ರ ಹೋಗಲಿಲ್ಲ. ಬುಟ್ಟಿ ಹೊರುವುದು ಅಲ್ಲಿಗೆ ನಿಂತಿತು. ತೋಟದಲ್ಲಿ ನಡೆದದ್ದನ್ನು ನಮ್ಮಲ್ಲಿ ಯಾರೂ ಎಂದೂ ಎತ್ತಿ ಆಡಲಿಲ್ಲ, ಅತ್ತೆ ಮತ್ತೆ ಬಾಗಿಲ ಮರೆಯ ದನಿಯಾದರು. ಮಗಳು ಹುಟ್ಟಿ ಐದು ತಿಂಗಳಾದ ಮೇಲೆ ನೀಲಮ್ಮನನ್ನೂ ಮಗುವನ್ನೂ ಕರೆತರಲು ಹೋದೆ. ಅವರಿಬ್ಬರೂ ಬಂಡಿಯೇರಿ ಕುಳಿತಿದ್ದರು, ಹೊಸ್ತಿಲ ಬಳಿ ನಮಗೆಂದು ತುಂಬಿಟ್ಟ ಬಾಳೆಯ ಬುಟ್ಟಿ ಮಾತ್ರ ಉಳಿದಿತ್ತು. ಚಾಚಾನನ್ನು ಕೂಗಬಹುದಿತ್ತು. ಕೂಗಲಿಲ್ಲ. ಬೀದಿಯ ಕಡೆ ಮುಖ ತಿರುಗಿಸಿ, "ಯಾರರೀ ದಾರ್ಯಾಗ ಹೋಗೋರು, ಒಂದಿಷ್ಟು ಎತ್ತಸ್ರಿ," ಎಂದೆ.

ತಪ್ಪು ಮಾಡಿದೆನೇ ಎಂದುಕೊಂಡು ಬುಟ್ಟಿಯ ಈ ಅಂಚು ಹಿಡಿದು ಬಗ್ಗಿ ನಿಂತೆ. ಆಮೇಲೆ ಒಂದು ಹೆಜ್ಜೆ ಗಟ್ಟಿ, ಒಂದು ಹೆಜ್ಜೆ ಎಳೆದು ಯಾರೋ ಬಾಗಿಲು ದಾಟಿ ಬಂದರು, ಬುಟ್ಟಿಯ ಆ ಅಂಚಿಗೆ ಎರಡು ಒರಟು ಕೈಗಳು ಬಂದವು. ನಾನು ಬುಟ್ಟಿಯನ್ನಷ್ಟೇ ನೋಡಿದೆ. ಭಾರ ತಲೆಗೇರಿತು. "ಪುಣ್ಯಾ ಬರ್ಲಿ ಯವ್ವಾ," ಎಂದು ನಾನು ಹೊರಟೆ.

ಅತ್ತೆ ತೀರಿಕೊಂಡು ಎರಡು ವರ್ಷವಾಯಿತು. ಅವರ ಮುಖವನ್ನು ನಾನು ಕಣ್ತುಂಬ ಕಂಡದ್ದು ಅವರು ಕಣ್ಣು ಮುಚ್ಚಿದ ದಿನವೇ. ಸೆರಗು ಎಳೆದುಕೊಳ್ಳಲು ಕೈ ಏಳಲಿಲ್ಲ.

ನನ್ನ ಹದಿನಾಲ್ಕು ಶಬ್ದಗಳ ಪಟ್ಟಿ ಮುಂದೆಯೇ ಬಿದ್ದಿದೆ. ಕೊಡ ಇನ್ನೂ ಅಂಗಳದಲ್ಲಿದೆ, ನೀಲಮ್ಮ ಎರಡನೆಯ ಸಲ ಕೂಗಿದಳು. ನಾನು ಗೋಡೆ ಹಿಡಿದು ಎದ್ದು, "ನಂಗೊಬ್ಬನಿಗೇ ಆಗಂಗಿಲ್ಲ, ಒಂದಿಷ್ಟು ಎತ್ತಸು ಬಾ," ಎಂದೆ. ಆಕೆ ಅರೆಗಳಿಗೆ ನನ್ನನ್ನೇ ನೋಡಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದು, ಕೊಡದ ಆ ಬದಿಗೆ ಬಗ್ಗಿದಳು.