ಗ್ಲಾಸಿನ ಮೇಲಿನ ಹೋರಿ

ಎಪ್ಪತ್ತರ ದಶಕದ ನಮ್ಮ ಮಾನ್ವಿಯಲ್ಲಿ ಹಣೆ ನೋಡಿ ಜಾತಿ ಹೇಳುವ ಪಂಡಿತರಿಗೆ ಬರವಿರಲಿಲ್ಲ. ವಿಭೂತಿಯೋ, ನಾಮವೋ, ಬರಿ ಹಣೆಯೋ, ಒಂದು ನೋಟ ಸಾಕು. ಅಂಥವರನ್ನೂ ತಬ್ಬಿಬ್ಬು ಮಾಡಿದ್ದು ನನ್ನ ಗಂಡನ ತೋಳು.

ಅವರು ಮಿಲಿಟರಿಯಲ್ಲಿದ್ದರು. ತೋಳಿನ ಮೇಲೆ ಪಲ್ಟನ್ನಿನ ಗುರುತು: ಕಪ್ಪು ಬಟ್ಟೆಯಲ್ಲಿ ತಲೆ ತಗ್ಗಿಸಿ ನುಗ್ಗುವ ಕೆಂಪು ಹೋರಿ. ಕಪ್ಪು ಎಂದರೆ ಮಣ್ಣು, ಕೆಂಪು ಎಂದರೆ ರಕ್ತ, ತಗ್ಗಿದ ಕೊಂಬು ಎಂದರೆ ಹಿಂದೆ ಸರಿಯದವನು ಎಂದು ಮದುವೆಯಾದ ಹೊಸತರಲ್ಲಿ ನನಗೆ ಪಾಠ ಮಾಡಿದ್ದರು.

ದೇವದುರ್ಗದ ನನ್ನ ತವರಿನವರಿಗೆ ತೋರಿಸಲೆಂದೇ ಅವರು ಯೂನಿಫಾರಂ ಹಾಕಿಕೊಂಡು ಬಂದಿದ್ದರು. ಅಲ್ಲಿಂದ ಮರಳಿ ಮಾನ್ವಿಯಲ್ಲಿ ಬಸ್ಸಿಳಿದವರು ಸೀದಾ ಸ್ಟ್ಯಾಂಡಿನ ಹೋಟೆಲಿನ ಒಳಗೆ ನಡೆದರು. ನಮ್ಮ ಓಣಿಯವರಿಗೆ ಅಲ್ಲಿ ಹೊರಗಿನ ಕಟ್ಟೆ, ಬೇರೆ ಬಟ್ಟಲು. ನಾನೂ ಅವರ ಹಿಂದೆಯೇ ಒಳಗೆ ಹೋದೆ. ಮಾಲೀಕ ತೋಳು ನೋಡಿ ಕೈಮುಗಿದ.

"ಬಸವಣ್ಣನ ಪಲ್ಟನ್ನೇನ್ರಿ? ಹಂಗಾದ್ರ ನೀವು ನಮ್ಮೋರೇ. ಬರ್ರಿ, ಕೂಡ್ರಿ."

ಗಾಜಿನ ಗ್ಲಾಸಿನಲ್ಲಿ ಚಹಾ ಬಂತು. ಬರೀ ನೀರು, ಆದರೂ ಹಿಗ್ಗಿ ಹೋದೆ. ಕುಡಿದಾದ ಮೇಲೆ ಮಾಲೀಕ ಯಾರ ಮಗನೆಂದು ಕೇಳಿದ. ಇವರು ಓಣಿಯನ್ನೂ ಸೇರಿಸಿಯೇ ಹೇಳಿದರು. ಅವನ ಮುಖ ಹುಳ್ಳಗಾಯಿತು. ಆದರೆ ಯೂನಿಫಾರಂ ಕಂಡು ಎದೆಯುಬ್ಬಿಸಿದ ದೇಶಭಕ್ತರು ಸುತ್ತ ಕೂತಿದ್ದರು, ಬಾಯಿ ಬಿಡುವಂತಿರಲಿಲ್ಲ.

ಮರುವರ್ಷದ ರಜೆಯಲ್ಲಿ ಮತ್ತೆ ಹೋದೆವು. ಮಾಲೀಕ ಹಲ್ಲು ಕಿರಿಯುತ್ತ ಮೂಲೆಯ ಗೂಡಿನಿಂದ ಎರಡು ಗ್ಲಾಸು ತೆಗೆದ. ಒಂದರ ಮೇಲೆ ಕೆಂಪು ಬಣ್ಣದ ಹೋರಿ. ನನ್ನದರ ಮೇಲೆ ಆಕಳು!

"ನಿಮಗಂತನ ಬರಸೀನ್ರಿ. ಇದರಾಗ ಬ್ಯಾರೆ ಯಾರಿಗೂ ಕೊಡಂಗಿಲ್ಲ. ಮಿಲಿಟರಿ ಮರ್ಯಾದಿ!"

ನನ್ನ ಮೈ ಉರಿದುಹೋಯಿತು. ಕಟ್ಟೆಯ ಬಟ್ಟಲಿಗೆ ಬಣ್ಣ ಬಳಿದು ಒಳಗೆ ತಂದಿದ್ದ, ಅಷ್ಟೇ. ನನ್ನ ಗಂಡ ಮಾತ್ರ ಗ್ಲಾಸನ್ನು ತಿರುಗಿಸಿ ನೋಡಿದರು.

"ಭಾಳ ಚಂದ ಅದರಿ. ಮೊದಲನೇ ಗುಟುಕು ನೀವು ಕುಡೀರಿ."

"ಇವತ್ತು ನಂದು ಉಪವಾಸ ಅದರಿ," ಎಂದ ಮಾಲೀಕ, ಬಾಯಲ್ಲಿದ್ದ ಮಿರ್ಚಿ ನುಂಗುತ್ತ.

ಇವರು ಚಹಾ ಮುಟ್ಟದೆ ಎದ್ದರು. ನಾನು ಎರಡೂ ಗ್ಲಾಸಿನ ಚಹಾ ಬಾಗಿಲಲ್ಲಿ ಚೆಲ್ಲಿ, ಗ್ಲಾಸು ಸೆರಗಿನಲ್ಲಿ ಕಟ್ಟಿಕೊಂಡೆ. ಬೇರೆ ಯಾರಿಗೂ ಕೊಡುವುದಿಲ್ಲ ಎಂದ ಮೇಲೆ ನಮ್ಮವೇ ಅಲ್ಲವೇ?

ಎಂಬತ್ತರ ದಶಕದಲ್ಲಿ ಆ ಮಾಲೀಕ ಊರಿನ ಚುನಾವಣೆಗೆ ನಿಂತ. ಕೈಮುಗಿದು ನಮ್ಮ ಮನೆಗೂ ಬಂದ, ಹಿಂದೆ ಓಣಿಯ ಜನವೆಲ್ಲ. "ಚಹಾ ತಗೋರಿ" ಎಂದು ಹೋರಿಯ ಗ್ಲಾಸು ಕೊಟ್ಟೆ. ಗುರುತು ಹಿಡಿದ. ಒಮ್ಮೆ ನನ್ನನ್ನು, ಒಮ್ಮೆ ಜನರನ್ನು ನೋಡಿದ.

ಅಂದು ಉಪವಾಸ ಇರಲಿಲ್ಲ. ತಳದ ಚರಟವನ್ನೂ ಬಿಡದೆ ಕುಡಿದ.