ಹಗಲಲ್ಲೂ ಉರಿಯುವ ಏಳು ಬಲ್ಬು

ಮದುವೆಗೆ ಮುಂಚೆ ಹೊಂಗಡಹಳ್ಳದ ಕಡೆಯ ಆ ಮನೆಯನ್ನು ನೋಡಿಕೊಂಡು ಬಂದ ಅಪ್ಪ, ಬಸ್ಸಿನ ಧೂಳು ಕೊಡವುತ್ತಲೇ ಹೇಳಿದರು. "ಹುಡುಗ ಒಳ್ಳೆಯವನು. ಆದ್ರೆ ಆ ಮನೇಲಿ ಮಟಮಟ ಮಧ್ಯಾಹ್ನ ಎಲ್ಲಾ ಲೈಟೂ ಉರೀತಾವೆ. ಹೇಳೋರು ಕೇಳೋರು ಇಲ್ಲ. ನೀನು ಹೋಗಿ ಸರಿ ಮಾಡ್ಬೇಕು."

ಅಪ್ಪ ಆಲೂರಿನ ಹತ್ತಿರದ ಹಳ್ಳಿಯಲ್ಲಿ ಮೇಷ್ಟ್ರಾಗಿದ್ದವರು. ಕೋಣೆಯ ಲೈಟು ಆರಿಸದೆ ಬಂದರೆ ಊಟಕ್ಕೆ ಕೂತವರನ್ನೂ ಎಬ್ಬಿಸಿ ಕಳಿಸುತ್ತಿದ್ದರು. ನಮ್ಮೂರಿನಲ್ಲಿ ಕರೆಂಟು ಇರುತ್ತಿದ್ದುದಕ್ಕಿಂತ ಹೋಗುತ್ತಿದ್ದುದೇ ಹೆಚ್ಚು. ಇಲ್ಲದ ಕರೆಂಟನ್ನೂ ಉಳಿಸಿದ ಮನೆತನ ನಮ್ಮದು.

ತೊಂಬತ್ತರ ದಶಕದ ಕೊನೆ. ಕಾಫಿ ಹಣ್ಣು ಕುಯ್ಯುವ ಹೊತ್ತಿಗೆ ನಾನು ಆ ಮನೆಗೆ ಹೋದೆ. ಅಣ್ಣತಮ್ಮಂದಿರು ಪಾಲಾದ ಮೇಲೆ ನಮ್ಮನೆಯವರೂ ಅತ್ತೆಯೂ ಕೈಲಾದಷ್ಟರಲ್ಲಿ ಕಟ್ಟಿಕೊಂಡಿದ್ದ ಪುಟ್ಟ ಮನೆ ಅದು. ಪಾಯ ತೋಡಿದ ಮಣ್ಣಿಗೇ ಸ್ವಲ್ಪ ಸಿಮೆಂಟು ಬೆರೆಸಿ, ಕೈಮೆಷಿನ್ನಿನಲ್ಲಿ ಇಟ್ಟಿಗೆ ಒತ್ತಿ, ಸುಡದೆ ಹಾಗೇ ಒಣಗಿಸಿ ಗೋಡೆ ಎಬ್ಬಿಸಿದ್ದರು. ಗಾರೆಯಿಲ್ಲ, ಬಣ್ಣವಿಲ್ಲ. ಹೆಂಚುಗಳ ನಡುವೆ ಅಲ್ಲಲ್ಲಿ ಗಾಜಿನ ಹೆಂಚು ಕೂರಿಸಿದ್ದರಿಂದ ಒಳಗೆಲ್ಲ ಬೆಳಕು ಸುರಿಯುತ್ತಿತ್ತು.

ಆ ಬೆಳಕಿನಲ್ಲೇ ಏಳು ಬಲ್ಬುಗಳೂ ಉರಿಯುತ್ತಿದ್ದವು! ಅಡುಗೆಮನೆಯಲ್ಲಿ, ದೇವರ ಗೂಡಿನ ಮುಂದೆ, ಬಚ್ಚಲಿನಲ್ಲಿ ಕೂಡ. ಕರೆಂಟಿನ ಕಂಬ ರಸ್ತೆಯಲ್ಲೇ ನಿಂತುಬಿಟ್ಟಿತ್ತು. ಅದಕ್ಕೇ ತೋಟದ ಹಳ್ಳದಿಂದ ಇಳಿಜಾರಿಗೆ ಪೈಪು ಹಾಕಿ, ಸಕಲೇಶಪುರದ ಪಂಪ್ ಮೆಕ್ಯಾನಿಕ್ಕೊಬ್ಬ ಹಳೇ ಪಂಪನ್ನೇ ನೀರಿನಿಂದ ತಿರುಗಿಸಿ ಕರೆಂಟು ತೆಗೆದುಕೊಟ್ಟಿದ್ದ. ಹಳ್ಳದ ಕರೆಂಟಿಗೆ ಬಿಲ್ಲಿಲ್ಲ ಅಂತ ಹೀಗೆ ಉರಿಸುವುದೇ? ಬಿಟ್ಟಿ ಸಿಕ್ಕಿತೆಂದು ಯಾರಾದರೂ ನಲ್ಲಿ ತೆರೆದಿಟ್ಟು ಹೋಗುತ್ತಾರೆಯೇ? ಹೊಸ ಸೊಸೆ, ಬಾಯಿಬಿಟ್ಟು ಕೇಳುವಂತಿಲ್ಲ. ಅತ್ತೆ ಕಣದಲ್ಲಿ ಕಾಫಿ ಹರವಲು ಹೋದಾಗ ಒಂದೆರಡು ಲೈಟು ಆರಿಸುತ್ತಿದ್ದೆ, ಅವರು ಬರುವಷ್ಟರಲ್ಲಿ ಮತ್ತೆ ಹಾಕುತ್ತಿದ್ದೆ. ಅಪ್ಪನ ಮಾತು ನಡೆಸಿದ ಸಮಾಧಾನ.

ವಾರದಲ್ಲಿ ಅಡುಗೆಮನೆಯ ಬಲ್ಬು ಹೋಯಿತು. ಮಾರನೆಯ ದಿನ ಜಗಲಿಯದು. ನಮ್ಮನೆಯವರು ಹೊಸದು ತಂದು ಹಾಕಿದರು, ಅದೂ ಮೂರು ದಿನ ಬಾಳಲಿಲ್ಲ. ನನಗೆ ತಲೆಬುಡ ತಿಳಿಯಲಿಲ್ಲ. ಹಗಲೂ ರಾತ್ರಿ ಉರಿದು ಸವೆದಿರಬೇಕೆಂದು ನಾನೇ ತೀರ್ಮಾನಿಸಿ, ಇನ್ನೂ ಎರಡು ಹೆಚ್ಚಾಗಿ ಆರಿಸಲು ಶುರುಮಾಡಿದೆ. ಆಗ ಇನ್ನೂ ಬೇಗ ಬೇಗ ಹೋದವು. ಜಾಣೆಯೇ ನಾನು!

ಅತ್ತೆಯ ತಂಗಿ ದೋಣಿಗಲ್ಲಿನಿಂದ ಬಂದಿದ್ದ ದಿನ, ಎಲ್ಲರೂ ಕಡುಬು ತಿನ್ನುತ್ತಾ ಕೂತಿದ್ದಾಗ, ದೇವರ ಗೂಡಿನ ಬಲ್ಬು ಬೆಳ್ಳಗೆ ಬೆಳಗಿ ಪಟ್ ಎಂದು ಹೋಯಿತು. ಎಲ್ಲರ ಕೈಯೂ ತಟ್ಟೆಯಲ್ಲೇ ನಿಂತಿತು.

"ಸೊಸೆ ಬಂದು ತಿಂಗಳಾಗಿಲ್ಲ, ಮನೆ ದೀಪ ಒಂದೊಂದಾಗಿ ಆರ್ತಾ ಐತಲ್ಲಕ್ಕ" ಎಂದರು ಆ ಚಿಕ್ಕತ್ತೆ, ನನ್ನ ಮುಂದೆಯೇ. "ಕಾಲ್ಗುಣ ವಿಚಾರಿಸ್ಕಂಡು ತಂದ್ಯಾ?"

ಅತ್ತೆ ಎದ್ದು ಒಳಗೆ ಹೋಗಿ, ಬಚ್ಚಲಿನ ಕಡೆ ನೋಡಿ ಬಂದು ಕೂತರು. ಬಚ್ಚಲಿನ ಲೈಟನ್ನು ನಾನು ಆಗಷ್ಟೇ ಆರಿಸಿ ಬಂದಿದ್ದೆ. ಕಾಲ್ಗುಣದಲ್ಲಿ ನನಗೆ ನಂಬಿಕೆಯಿರಲಿಲ್ಲ, ಆದರೂ ಆ ಸಂಜೆ ನನ್ನ ಪಾದಗಳನ್ನೇ ನೋಡಿಕೊಂಡೆ. ನಿಜವಾಗಿದ್ದರೆ? ಈ ಮನೆಯಲ್ಲಿ ಇನ್ನು ಹೇಗೆ ತಲೆಯೆತ್ತುವುದು?

ಎರಡು ದಿನ ಬಿಟ್ಟು ಮೆಕ್ಯಾನಿಕ್ ಬಂದ. ಹಳ್ಳಕ್ಕೆ ಇಳಿದು ಪಂಪು ನೋಡಿದ, ಮೇಲೆ ಬಂದು ವೈರು ನೋಡಿದ. ಆಮೇಲೆ ಜಗಲಿಯಲ್ಲಿ ನಮ್ಮನೆಯವರ ಪಕ್ಕ ಕೂತು ಕೇಳಿದ.

"ಗೌಡ್ರೇ, ಲೈಟು ಆರ್ಸಿದ್ದು ಯಾರು?"

ನಾನು ಕಾಫಿ ಲೋಟ ಹಿಡಿದು ಬಾಗಿಲಲ್ಲಿದ್ದೆ.

"ಹಳ್ಳ ಕೊಡೋದು ಏಳು ಬಲ್ಬಿನ ಕರೆಂಟು. ಕಮ್ಮಿ ಕೊಡಾಕೆ ಅದಕ್ಕೇನು ಗೊತ್ತು? ಎರಡು ಆರ್ಸಿದ್ರೆ ಅವುಗಳ ಪಾಲೂ ಮಿಕ್ಕಿದ್ದಕ್ಕೇ ನುಗ್ಗಿ ಸುಟ್ಟಾಕ್ತದೆ. ಏಳೂ ಉರೀಲೇಬೇಕು, ಬ್ಯಾಡ ಅಂದ್ರೆ ಹಳ್ಳದಲ್ಲೇ ಪೈಪಿನ ವಾಲ್ವ್ ಮುಚ್ಬೇಕು. ಸ್ವಿಚ್ಚೇ ಬ್ಯಾಡ ಅಂತ ಅವತ್ತೇ ಬಡ್ಕಂಡೆ ನಾನು."

"ಸ್ವಿಚ್ಚಿಲ್ಲದ ಮನೆಗೆ ಹೆಣ್ಣು ಯಾರು ಕೊಡ್ತಾರೆ ಮಾರಾಯ?" ಎಂದರು ನಮ್ಮನೆಯವರು. ಅವರು ಅದನ್ನು ಹಾಕಿಸಿದ್ದು ನನಗಾಗಿ, ನಾನು ಒತ್ತಿದ್ದು ಅದನ್ನೇ! ಕಾಫಿ ಲೋಟವನ್ನು ಹೊಸ್ತಿಲ ಪಕ್ಕ ಇಟ್ಟೆ. ಹೇಳಬೇಕೆಂದು ಬಾಯಿ ತೆರೆದೆ.

"ನಾನೇ ಕಣೋ" ಎಂದರು ಅತ್ತೆ, ಒಳಗಿನಿಂದ. "ಸುಮ್ಕೆ ಉರೀತಾ ಐತಲ್ಲ ಅಂತ ಆರ್ಸ್‌ಬುಟ್ಟೆ. ಗ್ಯಾನ ಇರಲಿಲ್ಲ."

"ಅವ್ವಾ, ನಿನ್ನ ಮುಂದೇನೇ ಅಲ್ವಾ ಇವನು ಹೇಳಿದ್ದು!" ನಮ್ಮನೆಯವರು ಚೆನ್ನಾಗಿಯೇ ಬೈದರು. ಎಲ್ಲಾ ಸ್ವಿಚ್ಚುಗಳಿಗೂ ಕಪ್ಪು ಟೇಪು ಸುತ್ತಿದರು. ವಿಷಯ ದೋಣಿಗಲ್ಲಿಗೂ ಮುಟ್ಟಿತು. ಕಾಲ್ಗುಣದ ಮಾತು ಅಲ್ಲಿಗೇ ನಿಂತಿತು. ಅದರ ಬದಲು, ಅಕ್ಕನಿಗೆ ಅರಳುಮರಳು ಎಂಬ ಹೊಸ ಮಾತು ಹುಟ್ಟಿತು.

ನಾನು ಬಾಯಿ ಮುಚ್ಚಿಕೊಂಡೆ. ನನಗೆ ದಿಗಿಲಿನ ಜೊತೆ ಗೊಂದಲವೂ ಇತ್ತು. ಅತ್ತೆಯೂ ನಿಜವಾಗಿ ಆರಿಸಿದ್ದರೇ? ಇಬ್ಬರೂ ಒಬ್ಬರಿಗೆ ತಿಳಿಯದಂತೆ ಒಬ್ಬರು ಆರಿಸುತ್ತಿದ್ದೆವೇ? ಇರಬಹುದು ಎಂದುಕೊಂಡೆ, ಹಾಗೆ ಅಂದುಕೊಳ್ಳುವುದು ಅನುಕೂಲವಾಗಿತ್ತು. ವರ್ಷಗಟ್ಟಲೆ, ಏನು ಕೆಟ್ಟರೂ "ಅವ್ವ ಮುಟ್ಟಿರ್ಬೇಕು" ಎಂದು ಮನೆಯಲ್ಲಿ ತಮಾಷೆ ನಡೆಯಿತು. ಅತ್ತೆ ನಗುತ್ತಿದ್ದರು. ನಾನೂ ನಗುತ್ತಿದ್ದೆ, ಅದಕ್ಕೆ ಈಗಲೂ ನಾಚಿಕೆಯಾಗುತ್ತದೆ. ಬೇಸಗೆಯಲ್ಲಿ ಹಳ್ಳ ಸೊರಗಿ ಸೀಮೆಎಣ್ಣೆ ದೀಪ ಹಚ್ಚುವಾಗಲೆಲ್ಲ ಹೇಳಿಬಿಡೋಣ ಅನ್ನಿಸುತ್ತಿತ್ತು. ಮಳೆ ಬಂದು ಏಳೂ ಬಲ್ಬು ಹತ್ತಿಕೊಂಡರೆ ಧೈರ್ಯ ಹೋಗುತ್ತಿತ್ತು.

ಎರಡು ಸಾವಿರ ದಾಟಿ ಕೆಲವು ವರ್ಷಕ್ಕೆ ಕಂಬ ನಮ್ಮ ಮನೆಯವರೆಗೂ ಬಂತು. ಮೀಟರು ಕೂರಿಸಿದ ದಿನ ನಮ್ಮನೆಯವರು ಟೇಪೆಲ್ಲ ಕಿತ್ತು, ಲೈನಿನವರನ್ನು ಕಳಿಸಿಬರಲು ರಸ್ತೆಗೆ ಹೋದರು. ಮಧ್ಯಾಹ್ನ. ಗಾಜಿನ ಹೆಂಚಿನಿಂದ ಬಿಸಿಲು ಬಿದ್ದಿತ್ತು. ರೂಢಿಯಂತೆ ಏಳೂ ಬಲ್ಬು ಉರಿಯುತ್ತಿದ್ದವು, ನನಗೆ ಆರಿಸಲು ಕೈ ಬರಲಿಲ್ಲ.

ಅತ್ತೆ ಒಲೆಯ ಮುಂದೆ ಅಕ್ಕಿ ಆರಿಸುತ್ತಾ ಕೂತಿದ್ದರು. ತಲೆ ಎತ್ತದೆ ಹೇಳಿದರು.

"ಇನ್ಮೇಲೆ ನಿನ್ನಿಷ್ಟ ಬಂದಂಗೆ ಆರ್ಸು ಕಣವ್ವ. ಯಾವ್ದೂ ಸುಡಾಕಿಲ್ಲ."